ಕ್ಲಚ್ಚಮ್ಮನ ಬ್ರೇಕು

ಹೊಸ ಆ್ಯಕ್ಸಲ್ ಬಂದ ದಿನ ಕ್ಲಚ್ಚಮ್ಮ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ತಾನೇ ಹೆತ್ತ ಒಬ್ಬ ದಡ್ಡನನ್ನೂ ಮಗಳು ಹುಡುಕಿ ತಂದ ಇನ್ನೊಬ್ಬ ದಡ್ಡನನ್ನೂ ಕಣ್ತುಂಬ ನೋಡಿದಳು. ಹಿರಿಮಗ ಮತ್ತು ಅಳಿಯ ಇಬ್ಬರೂ ಗುಜರಿ ಅಂಗಡಿಯಿಂದ ಅದನ್ನು ಯುದ್ಧ ಗೆದ್ದವರಂತೆ ಹೊತ್ತು ತಂದಿದ್ದರು. ಆ್ಯಕ್ಸಲಿನ ಎರಡೂ ತುದಿಗೆ ಐದೈದು ಬೋಲ್ಟು. ಅವಳ ಕಾರಿನ ಚಕ್ರಕ್ಕೆ ಇದ್ದದ್ದು ನಾಲ್ಕೇ ತೂತು. ಇದು ಆ ಮಹಾನುಭಾವರ ಕಣ್ಣಿಗೆ ಬಿದ್ದದ್ದು ಚಕ್ರ ತೊಡಿಸಲು ಹೋದಾಗ.

"ಇನ್ನೊಂದು ತೂತು ಕೊರೆದ್ರಾಯ್ತು," ಎಂದ ದೊಡ್ಡವ.

ಕ್ಲಚ್ಚಮ್ಮ ನಕ್ಕಳು. ಆ ನಗೆಯ ಪರಿಚಯ ಇಡೀ ಊರಿಗಿತ್ತು. ಬಾಯಿ ತೆರೆಯದೆ ಮೂಗಿನಿಂದಲೇ ಬರುವ ಒಂದು 'ಹ್ಞುಂ', ಅಷ್ಟೇ. ಅದನ್ನು ಕೇಳಿದ ಮೇಲೆ ಮುಂದಿನ ಮಾತು ಯಾರ ಗಂಟಲಿನಿಂದಲೂ ಹೊರಡುತ್ತಿರಲಿಲ್ಲ. ನಾಲ್ಕು ಕಾಲಿನ ಮಂಚಕ್ಕೆ ಐದನೆಯ ಕಾಲು ಬಡಿಯುವ ಬಡಗಿ ತನ್ನ ವಂಶದಲ್ಲಿ ಹುಟ್ಟಿದ್ದಾನೆಂದು ಗೊತ್ತಿರಲಿಲ್ಲ ಎಂದಳು. ಅಳಿಯ ಅಷ್ಟನ್ನೂ ಫೋನಿನಲ್ಲಿ ವಿಡಿಯೊ ಮಾಡಿಕೊಂಡ. ಅವನು ಏನನ್ನಾದರೂ ನೋಡುತ್ತಿದ್ದದ್ದೇ ಫೋನಿನ ಮೂಲಕ. ಮಡದಿಯನ್ನೂ ಹಾಗೆಯೇ ನೋಡಿ ಒಪ್ಪಿರಬೇಕು ಎಂದು ಅತ್ತೆಯ ಗುಮಾನಿ.

ಊರಿನಲ್ಲಿ ಕಾರು ಓಡಿಸುವವರಲ್ಲಿ ಅರ್ಧ ಜನ ಕಲಿತದ್ದು ಇದೇ ಕಾರಿನಲ್ಲಿ, ಇವಳ ಬೈಗುಳದಲ್ಲಿ. ಗಂಡ ತೀರಿಕೊಂಡ ಮೇಲೆ ಡ್ರೈವಿಂಗ್ ಸ್ಕೂಲಿನ ಬೋರ್ಡು ಬರೆಸಿ, ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕ್ ಪೆಡಲ್ ಹಾಕಿಸಿಕೊಂಡು, ಜೀವನವಿಡೀ ಆ ಪಕ್ಕದ ಸೀಟಿನಲ್ಲಿ ಕೂತು "ಕ್ಲಚ್ಚು, ಕ್ಲಚ್ಚು" ಎಂದು ಒದರಿ ಆ ಹೆಸರು ಗಳಿಸಿದ್ದಳು. ಕಲಿಯುವವನು ರಸ್ತೆ ನೋಡಬೇಕು, ಕಲಿಸುವವಳು ಕಲಿಯುವವನ ಕೈಕಾಲು ನೋಡಬೇಕು ಎಂಬುದು ಅವಳ ಶಾಸ್ತ್ರ. ಬಾಯಿ ಸುಳ್ಳು ಹೇಳಬಹುದು, ಕೈಕಾಲಿಗೆ ಅಷ್ಟು ಜಾಣತನ ಇರುವುದಿಲ್ಲ. ಸ್ಕೂಲು ಮುಚ್ಚಿದ ಮೇಲೆ ಆ ಎರಡನೆಯ ಪೆಡಲನ್ನು ಕಿತ್ತು ಹಾಕಿಸಿ ತಾನೇ ಸ್ಟಿಯರಿಂಗಿಗೆ ಬಂದಳು. ಇನ್ನೊಬ್ಬರ ತಪ್ಪು ತಿದ್ದಿ ಸಾಕಾಗಿದೆ, ಇನ್ನು ನನ್ನ ರಸ್ತೆ ನಾನು ನೋಡುತ್ತೇನೆ ಎಂದಿದ್ದಳು. ಕಾರಿನ ಕೀಲಿ ಅವಳ ಕೊರಳಿನ ದಾರದಲ್ಲೇ ಇರುತ್ತಿತ್ತು.

ಆ ಕೀಲಿಗೇ ಈಗ ಕುತ್ತು ಬಂದಿತ್ತು. ಮನೆಯಿಂದ ಪೇಟೆಗೆ ಇಳಿಯುವ ಇಳಿಜಾರಿನಲ್ಲಿ ಒಂದು ದಿನ ಹಳೆಯ ಆ್ಯಕ್ಸಲಿನೊಳಗಿನ ಶಾಫ್ಟ್ ಮುರಿದು, ತನ್ನದೇ ಹಿಂದಿನ ಚಕ್ರ ತನ್ನನ್ನು ಓವರ್‌ಟೇಕ್ ಮಾಡಿಕೊಂಡು ಹೋದದ್ದನ್ನು ಅವಳು ಕಂಡಳು. ಚಕ್ರದ ಜೊತೆ ಬ್ರೇಕ್ ಡ್ರಮ್ಮೂ ಹೋಗಿತ್ತು. ಸ್ಟಿಯರಿಂಗ್ ತಿರುಗಿಸಿ, ಕಟ್ಟುತ್ತಿದ್ದ ಮನೆಯೊಂದರ ಮುಂದಿನ ಮರಳಿನ ರಾಶಿಗೆ ಕಾರು ಹತ್ತಿಸಿ ನಿಲ್ಲಿಸಿದಳು. ಒಂದು ಗೀರೂ ಆಗಲಿಲ್ಲ. ಮೊದಲು ಓಡಿ ಬಂದವನು ಕಿರಿಮಗ, ಚಿಕ್ಕವ. ಅವನು ಶೆಡ್ಡಿನ ಮೆಕ್ಯಾನಿಕ್, ಮಾತು ಕಮ್ಮಿ. ಚರಂಡಿಯಿಂದ ಚಕ್ರ ಎತ್ತಿಕೊಂಡು ಬಂದವನ ಕೈ ನಡುಗುತ್ತಿತ್ತು. ಚಕ್ರ ಬಿದ್ದದ್ದು ನನ್ನ ಕಾರಿನದು, ನಡುಗುವುದು ನಿನ್ನ ಕೈಯೇ ಎಂದು ಕ್ಲಚ್ಚಮ್ಮ ಅಲ್ಲಿ ನೆರೆದವರ ಮುಂದೆಯೇ ಗೇಲಿ ಮಾಡಿದಳು. ಅವನು ಚರಂಡಿಯ ಕಡೆ ಮತ್ತೊಮ್ಮೆ ತಿರುಗಿ ನೋಡಿದ.

ದೊಡ್ಡವ ಬಿಟ್ಟಾನೆಯೇ? ಟೀ ಪುಡಿ ಮುಗಿದರೂ ಮೀಟಿಂಗ್ ಕರೆಯುವ ಜಾತಿ ಅವನದು. ಎಲ್ಲರನ್ನೂ ಊಟದ ಮೇಜಿನ ಸುತ್ತ ಕೂರಿಸಿ, ಕಾರನ್ನು ಮಾರುವುದೂ ಬೇಡ, ಗುಜರಿಗೆ ಹಾಕುವುದೂ ಬೇಡ, ಗೌರವದಿಂದ ವಿಶ್ರಾಂತಿ ಕೊಡೋಣ, ನಮ್ಮ ಮನೆಯ ಮುಂದೆ ಕವರ್ ಹೊದಿಸಿ ನಿಲ್ಲಿಸೋಣ ಎಂದ. ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯಿತು ಎಂದಳು ಕ್ಲಚ್ಚಮ್ಮ. ಅಳಿಯ ತನ್ನ ಹೆಸರು ಬಂತೆಂದು ಫೋನಿನಿಂದ ತಲೆ ಎತ್ತಿದ.

ಬಹಳ ಎಳೆದಾಟದ ಮೇಲೆ ಒಂದು ಒಪ್ಪಂದವಾಯಿತು. ಹಿಂದಿನ ಆ್ಯಕ್ಸಲ್ ಬದಲಾಯಿಸುವುದು, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಹಾಕುವುದು. ಆಮೇಲೆ ಅದೇ ಇಳಿಜಾರಿನಲ್ಲಿ ಪರೀಕ್ಷೆ. ಕೆಳಗೆ ಮೋರಿಯ ಹತ್ತಿರ ಎಳೆದ ಬಿಳಿ ಗೆರೆಯ ಮುಂಚೆ ಅವಳು ಕಾರು ನಿಲ್ಲಿಸಿದರೆ, ಕೀಲಿ ಬದುಕಿರುವವರೆಗೂ ಅವಳದು. ಗೆರೆ ದಾಟಿದರೆ ದೊಡ್ಡವನದು. ಮಕ್ಕಳಿಗೆ ಪರೀಕ್ಷೆ ಮಾಡುತ್ತಿದ್ದವಳಿಗೆ ಮಕ್ಕಳೇ ಪರೀಕ್ಷೆ ಇಟ್ಟರಲ್ಲ ಎಂದು ಹೊಟ್ಟೆ ಉರಿಯಿತು. ಆದರೂ ಹೂಂ ಎಂದಳು. ಕೀಲಿ ಹೋದರೆ ತಾನು ಬಾಗಿಲ ಹಿಂದೆ ನೇತುಹಾಕಿದ ಹಳೆಯ ಕೊಡೆಯಾಗುತ್ತೇನೆ ಎಂಬ ಭಯ ಅವಳಿಗೆ ನಿಜಕ್ಕೂ ಇತ್ತು. ಅದನ್ನು ಯಾರಿಗೂ ತೋರಿಸಲಿಲ್ಲ.

ಐದು ಬೋಲ್ಟಿನ ಆ್ಯಕ್ಸಲನ್ನು ಚಿಕ್ಕವ ಮರುಮಾತಿಲ್ಲದೆ ಗಾಡಿಗೆ ಹಾಕಿಕೊಂಡು ಹೋಗಿ, ನಾಲ್ಕು ಬೋಲ್ಟಿನದನ್ನು ತಂದ. ಅದು ಬೇರೆ ಮಾದರಿಯ ಕಾರಿನದು, ನೇರವಾಗಿ ಕೂರುವಂಥದಲ್ಲ. ಪಟ್ಟಿ ಸ್ಪ್ರಿಂಗು ಕೂರುವ ಜಾಗ ಒಳಕ್ಕಿತ್ತು. ಸ್ಪ್ರಿಂಗಿನ ಆ ಹಳೆಯ ತಟ್ಟೆಗಳನ್ನು ಕತ್ತರಿಸಿ, ಅಳೆದು, ಹೊರಕ್ಕೆ ಸರಿಸಿ ವೆಲ್ಡ್ ಮಾಡಿದ. ಎಂಜಿನ್ನಿನಿಂದ ಹಿಂದಕ್ಕೆ ಬರುವ ಶಾಫ್ಟ್ ಉದ್ದವಾಯಿತು. ಲೇತಿಗೆ ಹಾಕಿಸಿ ಮೊಟಕು ಮಾಡಿಸಿದ. ಇಷ್ಟು ಹೊತ್ತೂ ದೊಡ್ಡವ ಟಾರ್ಚು ಹಿಡಿದಿದ್ದ, ಬೆಳಕು ಮಾತ್ರ ಅವನ ಹೊಟ್ಟೆಯ ಮೇಲೇ ಬೀಳುತ್ತಿತ್ತು. ಅಳಿಯ ಪರದೇಶದ ಯಾರೋ ಗಡ್ಡದವನ ವಿಡಿಯೊ ತೋರಿಸಿ, ಇವನು ಹೀಗೆ ಮಾಡಿಲ್ಲವಲ್ಲ ಎನ್ನುತ್ತಿದ್ದ. ಹತ್ತು ಜನ ಸೇರಿದ ಕಡೆ ಹಾವು ಸಾಯುವುದಿಲ್ಲವಂತೆ. ಇಲ್ಲಿ ಸತ್ತಿತು, ಯಾಕೆಂದರೆ ಕೆಲಸ ಮಾಡುತ್ತಿದ್ದವನು ಒಬ್ಬನೇ.

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ದೊಡ್ಡವನ ವಿಷಯದಲ್ಲಿ ಕ್ಲಚ್ಚಮ್ಮನಿಗೆ ಅದು ಅಷ್ಟಾಗಿ ಕೈ ಹಿಡಿದಿರಲಿಲ್ಲ. ಚಿಕ್ಕವನನ್ನು ಮಾತ್ರ ಅವಳು ಈವರೆಗೆ ದಡ್ಡ ಎಂದಿರಲಿಲ್ಲ. ಅವನಿಗೆ ಅದು ಗೊತ್ತಿತ್ತೋ ಇಲ್ಲವೋ, ಅವಳಂತೂ ಬಾಯಿ ಬಿಟ್ಟು ಹೇಳಿರಲಿಲ್ಲ.

ಪರೀಕ್ಷೆಯ ಬೆಳಿಗ್ಗೆ ಕೆಂಪು ಅಂಗಿಯ ಅಳಿಯ ಗೆರೆಯ ಪಕ್ಕದಲ್ಲೇ ಫೋನು ಹಿಡಿದು ನಿಂತ. ದೊಡ್ಡವ ಅಂಪೈರಿನ ಹಾಗೆ ಎದೆ ಉಬ್ಬಿಸಿಕೊಂಡು ಮೋರಿಯ ಮೇಲೆ ನಿಂತ. ಚಿಕ್ಕವ ಅಮ್ಮನ ಪಕ್ಕದಲ್ಲಿ ಕೂತ. ಅದಕ್ಕೂ ಮುಂಚೆ ಅವನು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಮ್ಮೆ ಓಡಿಸಿ ತೋರಿಸಿದ್ದ. ಕಾರು ಗೆರೆಗಿಂತ ಎಷ್ಟೋ ಹಿಂದೆ ನಿಂತಿತ್ತು. ಕ್ಲಚ್ಚಮ್ಮ ಗೇರ್ ಹಾಕಿ ಇಳಿಜಾರಿಗೆ ಬಿಟ್ಟಳು. ಹಿಂದಿನ ಆ್ಯಕ್ಸಲ್ ಒಂದು ಸಣ್ಣ ಗೊಣಗಾಟವೂ ಇಲ್ಲದೆ ಬೆಣ್ಣೆಯ ಹಾಗೆ ತಿರುಗುತ್ತಿತ್ತು. ಕೆಂಪು ಅಂಗಿ ಹತ್ತಿರವಾಗುತ್ತಿದ್ದಂತೆ ಬ್ರೇಕ್ ಒತ್ತಿದಳು. ಪೆಡಲ್ ನೆನೆದ ಹತ್ತಿಯ ಹಾಗೆ ಮೆತ್ತಗೆ ತಳಕ್ಕೆ ಹೋಯಿತು. ಬಿಟ್ಟು ಮತ್ತೆ ಒತ್ತಿದಳು, ಮತ್ತೂ ಒತ್ತಿದಳು. ಅಷ್ಟರಲ್ಲಿ ಚಿಕ್ಕವ ಹ್ಯಾಂಡ್‌ಬ್ರೇಕ್ ಎಳೆದ. ಕಾರು ನಿಂತಿತು, ಗೆರೆಯನ್ನು ಹಿಂದೆ ಬಿಟ್ಟು.

ಪೆಡಲ್ ಮೆತ್ತಗಿದೆ ಎಂದಳು. ಡಿಸ್ಕ್ ಬ್ರೇಕು ಹಾಗೇ ಅತ್ತೆ, ಹಳೆಯದಕ್ಕಿಂತ ಜಾಸ್ತಿ ಬಲ ಹಾಕಬೇಕು ಎಂದ ಅಳಿಯ, ವಿಡಿಯೊದ ಗಡ್ಡದವನ ಸಾಕ್ಷಿ ಕೊಟ್ಟು. ದೊಡ್ಡವನ ದನಿಗೆ ಎಲ್ಲಿಲ್ಲದ ಸಕ್ಕರೆ ಬಂತು.

"ಬ್ರೇಕಿಂದಲ್ಲಮ್ಮ ತೊಂದ್ರೆ. ಕಾಲಲ್ಲಿ ಕಸುವಿಲ್ಲ ನಿಂಗೆ. ಅದೇನು ನಾಚ್ಕೆ ಪಡೋ ವಿಷಯ ಅಲ್ಲ."

ಅವಳು ಚಿಕ್ಕವನ ಕಡೆ ನೋಡಿದಳು. ನಾನು ಒತ್ತಿದಾಗ ಹಿಡಿಯಿತು ಎಂದು ಅವನು ನೆಲಕ್ಕೆ ಹೇಳಿದ. ಕಲಿಯಲು ಬಂದವರು ಕಾರನ್ನು ದೂರಿದಾಗಲೆಲ್ಲ ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಹಂಗಿಸಿದ ಬಾಯಿ ಅವಳದು. ಆ ಮಾತೇ ಈಗ ಗಂಟಲಿಗೆ ಅಡ್ಡ ಬಂತು. ದಾರವನ್ನು ಕೊರಳಿಂದ ತೆಗೆದು ದೊಡ್ಡವನ ಅಂಗೈ ಮೇಲೆ ಹಾಕಿ ಮನೆಯವರೆಗೆ ನಡೆದೇ ಹೋದಳು. ಏರು ಹತ್ತುವಾಗ ಕಾಲು ಏನೂ ಸೋಲಲಿಲ್ಲ. ಅದೇ ಅವಳಿಗೆ ಬಗೆಹರಿಯಲಿಲ್ಲ.

ಮಧ್ಯಾಹ್ನ ಊಟ ಸೇರಲಿಲ್ಲ. ಹೊಲಿಗೆ ಯಂತ್ರದ ಪೆಡಲ್ ತುಳಿದು ನೋಡಿದಳು, ಅಡುಗೆಮನೆಯ ಗೋಡೆಗೆ ಪಾದ ಕೊಟ್ಟು ಒತ್ತಿ ನೋಡಿದಳು. ಗೋಡೆ ಅಲ್ಲಾಡಲಿಲ್ಲ, ಕಾಲೂ ಅಲ್ಲಾಡಲಿಲ್ಲ. ಹಾಗೆ ಒತ್ತಿಕೊಂಡೇ ನಿಂತಿದ್ದಾಗ ಬೆಳಗಿನದೊಂದು ಸಂಗತಿ ಕಣ್ಣ ಮುಂದೆ ಬಂತು. ಚಿಕ್ಕವನ ಕೈ. ಅವಳು ಬ್ರೇಕ್ ಒತ್ತುವ ಮೊದಲೇ, ಕಾರು ಇಳಿಜಾರಿಗೆ ಬಿದ್ದ ಕೂಡಲೇ, ಅವನ ಕೈ ಹ್ಯಾಂಡ್‌ಬ್ರೇಕಿನ ಮೇಲೆ ಹೋಗಿ ಕೂತಿತ್ತು. ಪೆಡಲ್ ತಳಕ್ಕೆ ಹೋದ ಮೇಲೆ ಕೈ ಹೋದರೆ ಅದು ಗಾಬರಿ. ಮೊದಲೇ ಹೋದರೆ ಅದು ತಿಳಿವಳಿಕೆ.

ಕಾರು ಇನ್ನೂ ಶೆಡ್ಡಿನಲ್ಲೇ ಇತ್ತು. ದೊಡ್ಡವ ಗೌರವದ ಕವರ್ ಹೊಲಿಸಲು ಕೊಟ್ಟಿದ್ದ. ಚಿಕ್ಕವ ಊಟಕ್ಕೆ ಹೋದ ಹೊತ್ತು ನೋಡಿ ಅವಳು ಒಳಗೆ ಹೋದಳು. ಆ ಕಾಲದ ಕಾರಿಗೆ ಸ್ಟಿಯರಿಂಗ್ ಲಾಕಿನ ಜಂಭವಿಲ್ಲ. ಪೂರ್ತಿ ಒಂದು ಕಡೆಗೆ ತಿರುಗಿಸಿ, ಇಳಿದು, ಮಂಡಿಯೂರಿ ಮುಂದಿನ ಚಕ್ರದ ಹಿಂದೆ ಇಣುಕಿ ಕೈಯಾಡಿಸಿದಳು. ಡಿಸ್ಕನ್ನು ಎರಡೂ ಬದಿಯಿಂದ ಇಕ್ಕಳದ ಹಾಗೆ ಹಿಡಿಯುವ ಕ್ಯಾಲಿಪರ್ ಹೊಚ್ಚ ಹೊಸದಾಗಿತ್ತು. ಅದರ ಮೇಲ್ತುದಿಯಲ್ಲಿರಬೇಕಾದ, ಗಾಳಿ ಬಿಡುವ ನಿಪ್ಪಲ್ಲು ಕೆಳತುದಿಯಲ್ಲಿತ್ತು. ಇನ್ನೊಂದು ಚಕ್ರದಲ್ಲೂ ಹಾಗೇ. ಎಡಗಡೆಯದನ್ನು ಬಲಕ್ಕೂ ಬಲಗಡೆಯದನ್ನು ಎಡಕ್ಕೂ ಹಾಕಿದ್ದರು. ಗಾಳಿ ಮೇಲಕ್ಕೇರುವುದು ಸೃಷ್ಟಿಯ ನಿಯಮ. ನಿಪ್ಪಲ್ಲು ಕೆಳಗಿದ್ದರೆ ಎಷ್ಟು ಎಣ್ಣೆ ಬಸಿದರೂ ಮೇಲೆ ಕೂತ ಗಾಳಿ ಕೂತೇ ಇರುತ್ತದೆ, ಪೆಡಲ್ ಸ್ಪಂಜಾಗುತ್ತದೆ. ಎರಡು ಮೂರು ಸಲ ಬೇಗ ಬೇಗ ಒತ್ತಿದರೆ ಮಾತ್ರ ಹಿಡಿಯುತ್ತದೆ. ತಾನು ಓಡಿಸಿ ತೋರಿಸುವಾಗ ಚಿಕ್ಕವ ಅಷ್ಟು ದೂರದಿಂದಲೇ ಯಾಕೆ ಕಾಲಾಡಿಸುತ್ತಿದ್ದ ಎಂಬುದೂ ಈಗ ತಿಳಿಯಿತು.

ಮೊದಲು ಅವಳಿಗೆ ಒಂದು ಥರ ಖುಷಿಯೇ ಆಯಿತು. ಇಂಥ ಘನಕಾರ್ಯ ಮಾಡಲು ಮನೆಯಲ್ಲಿ ಇಬ್ಬರಿದ್ದಾರೆ, ಟಾರ್ಚಿನವನೋ ವಿಡಿಯೊದವನೋ ಕೈ ಹಾಕಿರಬೇಕು ಎಂದುಕೊಂಡಳು. ಸೀಟಿನ ಮೇಲೆ ಕೂತು ಸುಮ್ಮನೆ ಹ್ಯಾಂಡ್‌ಬ್ರೇಕ್ ಎಳೆದಳು. ಅದು ಒಂದೆರಡು ಹಲ್ಲಿಗೇ ಕಚ್ಚಿ ನಿಂತಿತು. ಹೊಸ ಆ್ಯಕ್ಸಲಿನ ಎರಡೂ ಬದಿಯ ಕೇಬಲ್ಲನ್ನು ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲದೆ ಸಮ ಮಾಡಿದ್ದ ಕೈ ಅದು. ಹಿಂದಿನದನ್ನು ಇಷ್ಟು ನಾಜೂಕಾಗಿ ಮಾಡಿದ ಕೈ ಮುಂದಿನದನ್ನು ಮರೆತು ತಪ್ಪು ಮಾಡುವುದಿಲ್ಲ. ಬೀಳಿಸುವುದಕ್ಕೂ ಹಿಡಿಯುವುದಕ್ಕೂ ಚಿಕ್ಕವನೇ ಏರ್ಪಾಡು ಮಾಡಿದ್ದ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ದಡ್ಡರ ಕೈಯಲ್ಲಿ ಸೋತಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಚಿಕ್ಕವ ಬಾಯಿ ಒರೆಸಿಕೊಂಡು ಬಂದವನು, ಒಂದು ಕಡೆಗೆ ತಿರುಗಿದ್ದ ಚಕ್ರಗಳನ್ನು ಕಂಡು ಬಾಗಿಲಲ್ಲೇ ನಿಂತ.

"ನಿಪ್ಪಲ್ಲು ಯಾವ ಕಡೆ ಇರ್ಬೇಕೋ?" ಎಂದಳು.

"ಮೇಲೆ."

"ಮತ್ತೆ?"

ಅವಳು ಬೈದಳು. ಬೈಯುವುದರಲ್ಲಿ ಅವಳಿಗೆ ಸರಿಸಾಟಿ ಯಾರೂ ಇರಲಿಲ್ಲ, ಆದರೆ ಆವತ್ತು ಬೈಗುಳಕ್ಕೂ ದಮ್ಮು ಸಾಲಲಿಲ್ಲ. ಕಾರು ಬೇಡ ಎನ್ನುವುದಿದ್ದರೆ ಎದುರು ನಿಂತು ಹೇಳಬೇಕಿತ್ತು, ಹೆತ್ತ ತಾಯಿಗೆ ಅವಳ ಕಾಲಿನ ಮೇಲೇ ಅನುಮಾನ ಹುಟ್ಟಿಸುವ ಕೆಲಸ ಕಸಾಯಿಯವನೂ ಮಾಡುವುದಿಲ್ಲ ಎಂದಳು.

ಚಿಕ್ಕವ ಕೈಯಲ್ಲಿದ್ದ ಚಿಂದಿಯನ್ನು ಮಡಚಿದ, ಬಿಚ್ಚಿದ. "ಹೇಳಿದ್ರೆ ನಗ್ತೀಯ," ಎಂದ. "ನಿನ್ನ ಹತ್ರ ಮಾತಾಡಿ ಗೆದ್ದೋರು ಯಾರಿದಾರಮ್ಮ ಈ ಮನೇಲಿ? ನೀನು ಮೂಗಲ್ಲಿ ನಕ್ಕರೆ ಮುಗೀತು. ಅವತ್ತು ಮರಳಿನ ಮೇಲೆ ಹತ್ತಿಸಿದ್ಯಲ್ಲ, ಅದಕ್ಕೂ ಮುಂಚೆ ಒಬ್ಬ ಸೈಕಲ್ಲಿನೋನು ನಿನ್ನಿಂದ ತಪ್ಪಿಸ್ಕೊಂಡು ಚರಂಡಿಗೆ ಬಿದ್ದ. ನಿಂಗದು ಗೊತ್ತೇ ಇಲ್ಲ."

"ಯಾವ ಸೈಕಲ್ಲು?"

"ಅದೇ ನಾನ್ ಹೇಳ್ತಿರೋದು."

"ಹ್ಞುಂ," ಎಂದಳು ಕ್ಲಚ್ಚಮ್ಮ. ಚಕ್ರ ಕಳಚಿದ ಗದ್ದಲದಲ್ಲಿ ಯಾರು ಎಲ್ಲಿ ಬಿದ್ದರೋ, ಅದಕ್ಕೆಲ್ಲ ನಾನು ಲೆಕ್ಕ ಕೊಡಬೇಕೆ ಎಂದಳು. ಬಿಚ್ಚು ಎಂದಳು.

ಅವನು ಬಿಚ್ಚಿದ. ಎಡದ್ದು ಎಡಕ್ಕೆ ಬಂತು, ಬಲದ್ದು ಬಲಕ್ಕೆ. ಗಾಳಿ ಬಿಡಿಸಲು ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ನಿಪ್ಪಲ್ಲು ಸಡಿಲಿಸಿ ಬಿಗಿಯಬೇಕು. ಚಕ್ರದ ಹಿಂದೆ ಅಂಗಾತ ಮಲಗಿ ಅವನು ಒತ್ತು ಎಂದಾಗ ಅವಳು ಒತ್ತಿದಳು, ಬಿಡು ಎಂದಾಗ ಬಿಟ್ಟಳು. ಜೀವಮಾನದಲ್ಲಿ ಅವನು ಹೇಳಿದ್ದನ್ನು ಅವಳು ಎದುರಾಡದೆ ಕೇಳಿದ್ದು ಅದೇ ಮೊದಲು. ನಳಿಕೆಯಲ್ಲಿ ಗುಳ್ಳೆಗಳು ಬಂದು ಬಂದು ನಿಂತವು. ಕೊನೆಗೆ ಪೆಡಲ್ ಕಲ್ಲಿನಂತೆ ಗಟ್ಟಿಯಾಯಿತು. ತನ್ನ ಕಾಲು ತನಗೆ ವಾಪಸ್ಸು ಸಿಕ್ಕ ಸಮಾಧಾನಕ್ಕೆ ಅವಳಿಗೆ ಅಳು ಬಂದಂತಾಯಿತು. ಮೂಗು ಒರೆಸಿಕೊಂಡು, ಎಣ್ಣೆಯ ವಾಸನೆ ಎಂದಳು.

ಮರುದಿನ ದೊಡ್ಡವನನ್ನೂ ಅಳಿಯನನ್ನೂ ಕರೆಸಿ, ಕ್ಯಾಲಿಪರು ಅದಲುಬದಲಾಗಿತ್ತು, ಪರೀಕ್ಷೆ ಇನ್ನೊಮ್ಮೆ ಎಂದಳು. ಯಾರು ಮಾಡಿದರೆಂದು ಹೇಳಲಿಲ್ಲ. ಹೇಳಬೇಕಾದ ಅಗತ್ಯವೂ ಬೀಳಲಿಲ್ಲ. ವಿಡಿಯೊಗೆಂದು ಅಳಿಯನೇ ಕ್ಯಾಲಿಪರು ಎತ್ತಿಕೊಟ್ಟ ಎಂದ ದೊಡ್ಡವ. ಭಾವ ಟಾರ್ಚು ಸರಿಯಾಗಿ ಹಿಡಿದಿದ್ದರೆ ಎಡಬಲ ಕಾಣುತ್ತಿತ್ತು ಎಂದ ಅಳಿಯ. ಇಬ್ಬರೂ ಮಾಡದ ತಪ್ಪನ್ನು ಹಂಚಿಕೊಂಡು ಕಿತ್ತಾಡಿದರು. ಚಿಕ್ಕವ ಬಾಯಿ ತೆರೆಯಲು ಹೋದ. ಅಮ್ಮ ಅವನನ್ನು ನೋಡಿದ ನೋಟಕ್ಕೆ ಮತ್ತೆ ಮುಚ್ಚಿದ. ನಿನ್ನ ಪಾಲಿನ ಬೈಗುಳವನ್ನು ಬೇರೆಯವರು ತಿನ್ನುವುದನ್ನು ನೋಡುತ್ತ ನಿಂತಿರು ಎಂಬುದೇ ಅವನಿಗೆ ಅವಳು ಕೊಟ್ಟ ಶಿಕ್ಷೆ.

ಇಳಿಜಾರಿನ ತಲೆಯಲ್ಲಿ ಚಿಕ್ಕವ ಪಕ್ಕಕ್ಕೆ ಬಂದು ಕೂತ.

"ಕೈ ತೊಡೆ ಮೇಲೆ," ಎಂದಳು. ಅವನು ಎರಡೂ ಕೈ ತೊಡೆಯ ಮೇಲಿಟ್ಟ.

ಕಾರು ಇಳಿಯಿತು. ಕೆಳಗೆ ಕೆಂಪು ಅಂಗಿ ಕಾಣುತ್ತಿತ್ತು. ಅಂಗಿ ಇನ್ನೂ ದೂರವಿತ್ತು, ಅವಸರವೇನಿಲ್ಲ ಎಂದುಕೊಂಡಳು. ಹಳೆಯ ಚಾಳಿಯಿಂದ ಪಕ್ಕಕ್ಕೆ ಕಣ್ಣು ಹಾಯಿಸಿದಳು. ಚಿಕ್ಕವನ ಕೈಗಳು ಹೇಳಿದ ಜಾಗದಲ್ಲೇ ಇದ್ದವು, ಗೆಣ್ಣುಗಳು ಬಿಳಿಚಿಕೊಂಡಿದ್ದವು. ಆದರೆ ಅವನ ಪಾದ ನೆಲವನ್ನು ಒತ್ತುತ್ತಿತ್ತು. ಆ ಎರಡನೆಯ ಪೆಡಲ್ ಹಿಂದೆ ಇದ್ದ ಜಾಗವನ್ನು, ಹಿಮ್ಮಡಿ ಎತ್ತಿ, ಬಲವೆಲ್ಲ ಹಾಕಿ ಒತ್ತುತ್ತಿತ್ತು. ಕ್ಲಚ್ಚಮ್ಮ ಯೋಚಿಸಲಿಲ್ಲ. ಬ್ರೇಕ್ ಒತ್ತಿದಳು.

ಡಿಸ್ಕು ಗಪ್ಪನೆ ಹಿಡಿಯಿತು. ಕಾರು ಮೂಗು ತಗ್ಗಿಸಿ ಅಲ್ಲೇ ನಿಂತಿತು. ದೊಡ್ಡವ ಮೋರಿಯಿಂದ ಇಳಿದು ಬಂದು, ಬಗ್ಗಿ ನೋಡಿ, ಗೆರೆಗೆ ಒಂದು ಗೇಣು ಮುಂಚೆ ನಿಂತಿದೆ ಎಂದು ಒಲ್ಲದ ಮನಸ್ಸಿನಿಂದ ಒಪ್ಪಿಕೊಂಡ. ಕೀಲಿಯ ದಾರವನ್ನು ಕಿಟಕಿಯೊಳಗೆ ಹಾಕಿದ. ಈ ಸಲದ ಪರೀಕ್ಷೆಗೆ ಅವಳು ಕಾರು ಓಡಿಸಿದ್ದು ಅಳಿಯನ ಹತ್ತಿರವಿದ್ದ ಇನ್ನೊಂದು ಕೀಲಿಯಿಂದ. ಅಳಿಯ ಎಷ್ಟೋ ಆಚೆ, ತಿರುವಿನ ಹತ್ತಿರ ನಿಂತಿದ್ದ. ಈ ಸಲ ಕಾರು ಎದುರಿನಿಂದ ಬರುವುದು ಚೆನ್ನಾಗಿ ಕಾಣಲಿ ಎಂದು ದೂರ ಹೋಗಿದ್ದನಂತೆ.

ಕ್ಲಚ್ಚಮ್ಮ ಗೆದ್ದಿದ್ದಳು. ಬಾನೆಟ್ಟಿನ ಆಚೆ ನೆಲವನ್ನು ನೋಡಿದಳು. ಟಾರು ಟಾರಾಗಿಯೇ ಕಂಡಿತು, ಮಬ್ಬಾಗಿ, ಒಂದೇ ಬಣ್ಣದಲ್ಲಿ. ಬಿಳಿ ಗೆರೆ ಅಲ್ಲೆಲ್ಲೋ ಇರಬೇಕು. ಮೊದಲ ದಿನವೂ ಅವಳಿಗೆ ಕಂಡದ್ದು ಗೆರೆಯಲ್ಲ, ಅಂಗಿ.

ಚಿಕ್ಕವ ಉಸಿರು ಬಿಟ್ಟ. ಏನೋ ಹೇಳಲು ಹೋಗಿ ಕಿಟಕಿಯ ಕಡೆ ತಿರುಗಿದ.

"ಏನ್ ಕೇಳೋದಿದ್ರೂ ಬಾಯಲ್ಲಿ ಕೇಳು," ಎಂದಳು. "ಸ್ಪ್ಯಾನರಿಂದ ಕೇಳ್ಬೇಡ."

ಅವನು ತನ್ನ ಕೈಗಳನ್ನು ನೋಡಿಕೊಂಡ. "ಗೆರೆ ಕಾಣಿಸ್ತಾ ಅಮ್ಮ?"

ಮೂಗಿನ ತುದಿಯವರೆಗೆ ಆ ನಗೆ ಬಂತು. ಹೊರಗೆ ಬಿಡಲಿಲ್ಲ.

"ಇಲ್ಲ," ಎಂದಳು.

ದೊಡ್ಡವ ಹೊರಗೆ ನಿಂತು, ಹೊಲಿಸಿದ ಕವರ್ ಏನು ಮಾಡುವುದು, ಅದಕ್ಕೊಂದು ಮೀಟಿಂಗ್ ಬೇಕಲ್ಲ ಎನ್ನುತ್ತಿದ್ದ. ಅದನ್ನು ನಿನಗೇ ಹೊದಿಸಿಕೋ, ಅಳತೆ ಸರಿಯಾಗುತ್ತದೆ ಎಂದಳು ಕ್ಲಚ್ಚಮ್ಮ. ದಾರವನ್ನು ಚಿಕ್ಕವನ ತೊಡೆಯ ಮೇಲೆ ಹಾಕಿ, ಬಾಗಿಲು ತೆಗೆದು ಇಳಿದಳು. ಕಾರಿನ ಮುಂಭಾಗವನ್ನು ಕೈಯಿಂದ ಸವರಿಕೊಂಡು ಸುತ್ತಿ ಬಂದು, ಅವನನ್ನು ಸ್ಟಿಯರಿಂಗಿನ ಕಡೆಗೆ ಸರಿಸಿ, ಪಕ್ಕದ ಸೀಟಿನಲ್ಲಿ ಕೂತಳು. ಜೀವನವಿಡೀ ಕೂತ ಸೀಟು, ಹೊಸದೇನಲ್ಲ.

ಚಿಕ್ಕವ ಕೀಲಿ ತಿರುಗಿಸಿದ. ಅವನಿಗೆ ಕಣ್ಣು ತುಂಬಿ ಬಂದು ಗೇರು ಕೈಗೆ ಸಿಗಲಿಲ್ಲ, ಹಲ್ಲು ಹಲ್ಲಿಗೆ ತಾಗಿ ಕರಕರ ಎಂದಿತು. ಅಷ್ಟು ಹತ್ತಿರದ್ದು ಅವಳಿಗೆ ಚೆನ್ನಾಗಿಯೇ ಕಾಣುತ್ತಿತ್ತು.

"ಕ್ಲಚ್ಚು," ಎಂದಳು ಅಮ್ಮ.